ದಿನದ ಧಮ್ಮ ಚಿಂತನೆ: ‘ಪರೈಯಾ’ – ಬೈಗುಳವಾಗಿ ಹೋದ ಒಂದು ವಾದ್ಯದ ಹೆಸರು





ಇವತ್ತಿನ ಪಾಠ ಒಂದು ಇಂಗ್ಲಿಷ್ ನಾಮಪದದ ಬಗ್ಗೆ. ಕನ್ನಡ ಮೇಷ್ಟ್ರಿಗೆ ಇಂಗ್ಲಿಷ್ ಪದದ ಉಸಾಬರಿ ಯಾಕೆ ಎಂದು ಕೇಳಬೇಡಿ. ಈ ಪದ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ನಮ್ಮ ಪಕ್ಕದ ಕೇರಿಯಲ್ಲಿ. ಸ್ವಲ್ಪ ಉದ್ದವಾಗಿದೆ. ಬೆಳಿಗ್ಗೆ ಆಗದಿದ್ದರೆ ಸಂಜೆ ಕೂತು ಓದಿ.

*1. ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ*

ಕೆಲವು ದಿನಗಳ ಹಿಂದೆ ಇಂಗ್ಲಿಷ್ ಮೇಡಂ ರಜೆಯಲ್ಲಿದ್ದರು. ಒಂಬತ್ತನೇ ತರಗತಿಯ ಆ ಪಿರಿಯಡ್ಡನ್ನು ನಾನು ತೆಗೆದುಕೊಂಡೆ. ಮಕ್ಕಳು ಒಂದು ಅಭ್ಯಾಸದ ಹಾಳೆಯಲ್ಲಿದ್ದ ಪದಗಳಿಗೆ ಅರ್ಥ ಬರೆಯುತ್ತಿದ್ದರು. ಅದರಲ್ಲಿ ಪಿ, ಎ, ಆರ್, ಐ, ಎ, ಎಚ್ ಎಂಬ ಆರು ಅಕ್ಷರಗಳ ಒಂದು ಪದ ಇತ್ತು. ಇಂಗ್ಲಿಷಿನವರ ಬಾಯಲ್ಲಿ ಅದು ‘ಪರೈಯಾ’. ನಾನು ಬೋರ್ಡಿನ ಮೇಲೆ ‘ಬಹಿಷ್ಕೃತ, ಎಲ್ಲರೂ ದೂರ ಇಟ್ಟವನು’ ಎಂದು ಬರೆದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಜ್ಜಿಯ ಊರು ಹೊಸೂರಿನ ಕಡೆ, ಮನೆಯಲ್ಲಿ ತಮಿಳು ಮಾತಾಡುತ್ತಾರೆ.

“ಸಾರ್, ಇದು ಜಾತಿ ಹೆಸರಲ್ವಾ? ನಮ್ಮಜ್ಜಿ ಊರಲ್ಲಿ ನಮ್ಮನ್ನ ಹಂಗೇ ಅಂತಾರೆ.”

ತರಗತಿ ತಟ್ಟನೆ ಸುಮ್ಮನಾಯಿತು. ಒಂದಿಬ್ಬರು ಹುಡುಗರು ಮುಸಿಮುಸಿ ನಕ್ಕರು. ನಾನು ಏನು ಹೇಳಿದೆ ಗೊತ್ತೆ? “ಪರೀಕ್ಷೆಗೆ ಈ ಅರ್ಥ ಬರಿ, ಸಾಕು. ಕೂತ್ಕೊ.”

ಅವಳು ಕೂತಳು. ಪಾಠ ಮುಂದೆ ಹೋಯಿತು. ಆದರೆ ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಪ್ರತಿ ಭಾನುವಾರ ವಿಹಾರದಲ್ಲಿ ಪಂಚಶೀಲ ಹೇಳುವ ನಾನು, ಒಂದು ಮಗು ತನ್ನ ಹೆಸರಿನ ಬಗ್ಗೆ ಕೇಳಿದ ಪ್ರಶ್ನೆಗೆ ಬೆನ್ನು ತಿರುಗಿಸಿದ್ದೆ. ಆಮೇಲೆ ಕೂತು ಓದಿದೆ. ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

*2. ಪದದ ಮೂಲ: ಒಂದು ವಾದ್ಯ*

ತಮಿಳಿನಲ್ಲಿ ‘ಪರೈ’ ಎಂದರೆ ಚರ್ಮವಾದ್ಯ, ನಮ್ಮ ತಮಟೆಯ ಹಾಗೆ. ಅದನ್ನು ಬಾರಿಸುವವರು ಪರೈಯರ್. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಕಾಲ್ಡ್‌ವೆಲ್ ಕೂಡ ಇದೇ ಮೂಲವನ್ನು ಹೇಳಿದ್ದಾರೆ.

ಕನ್ನಡದಲ್ಲೂ ಈ ಪದ ಇದೆ. ಹಳಗನ್ನಡದಲ್ಲಿ ‘ಪಱೆ’ ಎಂದರೆ ವಾದ್ಯ. ಹಳಗನ್ನಡದ ‘ಪ’ಕಾರ ಮುಂದೆ ‘ಹ’ಕಾರವಾಗುವುದು ನಿಮಗೆ ಶಾಲೆಯ ವ್ಯಾಕರಣದಲ್ಲಿ ನೆನಪಿರಬಹುದು: ಪಾಲು–ಹಾಲು, ಪುಲಿ–ಹುಲಿ, ಪೂವು–ಹೂವು. ಹಾಗೆಯೇ ಪಱೆ–ಹರೆ. ಅಂದರೆ ಇಂಗ್ಲಿಷಿನ ಪರೈಯಾ ನಮ್ಮ ಲೆಕ್ಕದಲ್ಲಿ ‘ಹರೆಯವನು’, ಹರೆ ಬಾರಿಸುವವನು, ಅಷ್ಟೇ.

ಇನ್ನೊಂದು ವಿಷಯ. ಮಲಯಾಳದಲ್ಲಿ ‘ಪರಯುಕ’ ಎಂದರೆ ಹೇಳುವುದು. ತಮಿಳಿನಲ್ಲೂ ‘ಪರೈ’ಗೆ ಹೇಳು, ಸಾರು ಎಂಬ ಅರ್ಥ ಇದೆ. ವಾದ್ಯಕ್ಕೂ ಮಾತಿಗೂ ಒಂದೇ ಹೆಸರು. ಮೈಕು, ಪತ್ರಿಕೆ ಇಲ್ಲದ ಕಾಲದಲ್ಲಿ ಯುದ್ಧ, ಸುಗ್ಗಿ, ಹಬ್ಬ, ಸಾವು, ಅರಸನ ಆಜ್ಞೆ ಎಲ್ಲವೂ ಊರಿಗೆ ತಿಳಿಯುತ್ತಿದ್ದದ್ದು ವಾದ್ಯದ ಸದ್ದಿನಿಂದ. ಊರಿಗೆ ಸುದ್ದಿ ಹೇಳುತ್ತಿದ್ದವರು ಇವರೇ.

ಸಂಗಂ ಕಾಲದ ‘ಪುರನಾನೂರು’ ಸಂಕಲನದ ಒಂದು ಪದ್ಯದಲ್ಲಿ ತುಡಿಯನ್, ಪಾಣನ್, ಪರೈಯನ್, ಕಡಂಬನ್ ಎಂಬ ನಾಲ್ಕು ಕುಲಗಳ ಹೆಸರು ಬರುತ್ತದೆ. ಕುಲ ಎಂದರೆ ಈ ನಾಲ್ಕೇ ಎನ್ನುವುದು ಆ ಪದ್ಯದ ಧೋರಣೆ. ಅಲ್ಲಿ ಈ ಹೆಸರಿಗೆ ಯಾವ ಕೊಳೆಯೂ ಅಂಟಿಲ್ಲ. ಕೊಳೆ ಅಂಟಿದ್ದು ಆಮೇಲೆ.

*3. ಹಡಗು ಹತ್ತಿದ ಪದ*

ಪೋರ್ಚುಗೀಸರು ನಮ್ಮ ಕರಾವಳಿಗೆ ಬಂದಾಗ ಈ ಹೆಸರು ಅವರ ಕಿವಿಗೆ ಬಿತ್ತು. ಅಲ್ಲಿಂದ 17ನೇ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಪುಸ್ತಕಗಳಿಗೆ ಬಂತು. ಆಗ ಅದು ದಕ್ಷಿಣ ಭಾರತದ ಒಂದು ಸಮುದಾಯದ ಹೆಸರು ಮಾತ್ರ. ಬರುಬರುತ್ತಾ ಯುರೋಪಿನವರು ಎಲ್ಲ ಅಸ್ಪೃಶ್ಯರಿಗೂ ಇದೇ ಹೆಸರು ಹಚ್ಚಿದರು. ಕೊನೆಗೆ ಯಾವ ದೇಶದಲ್ಲೇ ಆಗಲಿ, ಎಲ್ಲರೂ ದೂರ ಇಟ್ಟವನು ‘ಪರೈಯಾ’ ಆದ. ಒಂದು ಸಮುದಾಯದ ಅಂಕಿತನಾಮ, ಅಂದರೆ ಅದರ ಸ್ವಂತ ಹೆಸರು, ತಿರಸ್ಕಾರದ ರೂಢನಾಮವಾಗಿ ಹೋಯಿತು.

ಯುರೋಪಿನಲ್ಲಿ ಇದನ್ನು ಸಹಾನುಭೂತಿಯಿಂದ ಬಳಸಿದವರೂ ಇದ್ದಾರೆ. ಫ್ರೆಂಚ್ ಲೇಖಕ ಬರ್ನಾರ್ದಾಂ ದ ಸಾಂ ಪಿಯೇರ್ 1791ರಲ್ಲಿ ಬರೆದ ಒಂದು ಕಥೆಯಲ್ಲಿ, ಸತ್ಯ ಹುಡುಕುತ್ತಾ ಭಾರತಕ್ಕೆ ಬಂದ ವಿದ್ವಾಂಸನಿಗೆ ಅದು ಪಂಡಿತರ ಹತ್ತಿರ ಸಿಗುವುದಿಲ್ಲ, ಒಬ್ಬ ಪರೈಯಾನ ಗುಡಿಸಲಿನಲ್ಲಿ ಸಿಗುತ್ತದೆ. 1944ರಲ್ಲಿ ಹನ್ನಾ ಅರೆಂಟ್ ಎಂಬ ಚಿಂತಕಿ, ಯುರೋಪ್ ಹೊರಗಿಟ್ಟ ತನ್ನ ಯಹೂದಿ ಜನರ ಸ್ಥಿತಿ ಹೇಳಲು ಇದೇ ಪದ ಬಳಸಿದಳು. ಆದರೂ ಒಂದು ಮಾತು. ಜಗತ್ತಿನ ನೊಂದವರಿಗೆಲ್ಲ ಹೆಸರು ಕೊಟ್ಟವರು ನಮ್ಮ ನೆಲದ ಜನ, ಅವರ ಪಾಡನ್ನು ಮಾತ್ರ ಆ ಜಗತ್ತು ಕೇಳಲಿಲ್ಲ.

*4. ಹದ್ದಿಗೂ ಜಾತಿ!*

ಬ್ರಿಟಿಷರ ಕಾಲದ ಭಾರತೀಯ ಇಂಗ್ಲಿಷ್ ಪದಗಳನ್ನು ಕೂಡಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ನಿಘಂಟು 1886ರಲ್ಲಿ ಅಚ್ಚಾಯಿತು. ಅದರಲ್ಲಿ ಪರೈಯಾ ನಾಯಿ, ಪರೈಯಾ ಹದ್ದು, ಪರೈಯಾ ಸಾರಾಯಿ ಎಂಬ ಪದಗಳಿವೆ. ಬೀದಿ ನಾಯಿ ಪರೈಯಾ, ಕಳಪೆ ಸಾರಾಯಿ ಪರೈಯಾ.

ಹದ್ದಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರಾಮನಗರದವರಿಗೆ ಬಂಡೆಬೆಟ್ಟ, ರಣಹದ್ದು ಹೊಸದಲ್ಲ. ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮ ಆಯಿತು. ಅವುಗಳಲ್ಲದೆ ನಮ್ಮ ಸಂತೆ, ಮಾಂಸದಂಗಡಿಗಳ ಮೇಲೆ ಸುತ್ತು ಹೊಡೆಯುವ ಕಂದು ಬಣ್ಣದ ಹದ್ದನ್ನು ಎಲ್ಲರೂ ನೋಡಿದ್ದೀರಿ. ಕೆರೆಗಳ ಕಡೆ ಬಿಳಿ ತಲೆಯ, ಕೆಂಗಂದು ರೆಕ್ಕೆಯ ಇನ್ನೊಂದು ಹಕ್ಕಿ ಕಾಣುತ್ತದೆ. ಅದನ್ನು ನಮ್ಮವರು ಗರುಡ ಅನ್ನುತ್ತಾರೆ. ಗರುಡ ಕಂಡರೆ ಕೆನ್ನೆ ಬಡಿದುಕೊಂಡು ಕೈ ಮುಗಿಯುತ್ತಾರೆ, ಹದ್ದು ಕಂಡರೆ ಕಲ್ಲೆಸೆಯುತ್ತಾರೆ.

ಇಂಗ್ಲಿಷಿನವರು ಗರುಡಕ್ಕೆ ಇಟ್ಟ ಹೆಸರು ‘ಬ್ರಾಹ್ಮಿನಿ ಕೈಟ್’. ಹದ್ದಿಗೆ ಇಟ್ಟ ಹೆಸರು ‘ಪರೈಯಾ ಕೈಟ್’. ಇಬ್ಬರಿಗೂ ರೆಕ್ಕೆ ಎರಡೇ, ಇಬ್ಬರೂ ಮಾಂಸವನ್ನೇ ತಿನ್ನುವವರು, ಸತ್ತದ್ದು ಸಿಕ್ಕಿದರೆ ಇಬ್ಬರೂ ಬಿಡುವುದಿಲ್ಲ. ಬಣ್ಣ ನೋಡಿ ಒಂದಕ್ಕೆ ಅಗ್ರಹಾರ, ಇನ್ನೊಂದಕ್ಕೆ ಹೊರಗೇರಿ! ಬ್ರಾಹ್ಮಿನಿ ಬಾತು, ಬ್ರಾಹ್ಮಿನಿ ಮೈನಾ ಕೂಡ ಇವೆ. ಚೆಂದ ಕಂಡದ್ದೆಲ್ಲ ಆ ಕಡೆ ಹೋಯಿತು. ತಮಾಷೆ ಎಂದರೆ, ಅದೇ ಹದ್ದಿನ ನಮ್ಮ ದೇಶದ ಉಪಜಾತಿಗೆ ವಿಜ್ಞಾನಿಗಳು ಇಟ್ಟಿರುವ ಲ್ಯಾಟಿನ್ ಹೆಸರಿನ ಕೊನೆಯ ಪದ ‘ಗೋವಿಂದ’.

ಈಗಿನ ಪಕ್ಷಿ ಪುಸ್ತಕಗಳಲ್ಲಿ ಆ ಹದ್ದಿಗೆ ‘ಬ್ಲ್ಯಾಕ್ ಕೈಟ್’ ಎನ್ನುತ್ತಾರೆ. ಒಂದು ಹೆಸರು ಬದಲಾಯಿತು. ‘ಬ್ರಾಹ್ಮಿನಿ ಕೈಟ್’ ಮಾತ್ರ ಹಾಗೇ ಉಳಿದಿದೆ. ಬಯಲಲ್ಲಿ ಹಾರುವ ಹಕ್ಕಿಗೂ ನಾವು ಜಾತಿ ಸರ್ಟಿಫಿಕೇಟ್ ಕೊಟ್ಟಿದ್ದೇವೆ ಎಂದ ಮೇಲೆ, ಜಾತಿ ಇರುವುದು ಪ್ರಕೃತಿಯಲ್ಲಲ್ಲ, ನೋಡುವವರ ಕಣ್ಣಿನಲ್ಲಿ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

*5. ಇವತ್ತಿನ ಬಳಕೆ*

ಇಂಗ್ಲಿಷ್ ಪತ್ರಿಕೆಗಳಲ್ಲಿ ಇವತ್ತೂ ಬೇರೆ ದೇಶಗಳು ದೂರ ಇಟ್ಟ ದೇಶಕ್ಕೆ ‘ಪರೈಯಾ ಸ್ಟೇಟ್’ ಎಂದು ಬರೆಯುತ್ತಾರೆ. ಆಫೀಸುಗಳಲ್ಲಿ, ಟಿವಿ ಚರ್ಚೆಗಳಲ್ಲಿ ‘ನನ್ನನ್ನು ಪರೈಯಾ ತರಹ ನೋಡಿದರು’ ಎಂದು ಸಲೀಸಾಗಿ ಹೇಳುತ್ತಾರೆ. ಹೇಳುವವರಲ್ಲಿ ಹೆಚ್ಚಿನವರಿಗೆ ಅದು ಬದುಕಿರುವ ಜನರ ಹೆಸರು ಎನ್ನುವುದೇ ತಿಳಿದಿರುವುದಿಲ್ಲ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲೂ ಆ ಹೆಸರಿದೆ.

ಮಲೇಷಿಯಾದಲ್ಲಿ ಈ ಪದ ಬಂದ ‘ಇಂಟರ್‌ಲಾಕ್’ ಎಂಬ ಕಾದಂಬರಿಯನ್ನು ಶಾಲೆಗೆ ಪಠ್ಯ ಮಾಡಿದಾಗ ಅಲ್ಲಿನ ಭಾರತೀಯ ಮೂಲದವರು ಪ್ರತಿಭಟಿಸಿದರು. 2011ರಲ್ಲಿ ಅದನ್ನು ಪಠ್ಯದಿಂದ ಹಿಂದಕ್ಕೆ ಪಡೆದರು.

ನಮ್ಮ ದೇಶದಲ್ಲಿ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. 2015ರ ತಿದ್ದುಪಡಿ ಪ್ರಕಾರ, ಪರಿಶಿಷ್ಟರನ್ನು ಜನರ ಎದುರಿಗೆ ಜಾತಿ ಹೆಸರು ಹಿಡಿದು ಬೈಯುವುದು ಸ್ಪಷ್ಟವಾಗಿ ಅಪರಾಧ. ಊರ ಬಾಗಿಲಲ್ಲಿ ತಡೆದ ಬೈಗುಳ ಇಂಗ್ಲಿಷ್ ಕೋಟು ಹಾಕಿಕೊಂಡು ತರಗತಿಯ ಬಾಗಿಲಿಂದ ಒಳಗೆ ಬಂತು. ಬೋರ್ಡಿನ ಮೇಲೆ ಬರೆದವನು ನಾನೇ.

*6. ನಮ್ಮ ಹಿರಿಯರು ಏನು ಮಾಡಿದರು?*

ಈ ಹೆಸರನ್ನು ಹೊತ್ತ ಜನ ಸುಮ್ಮನೆ ಕೂತಿರಲಿಲ್ಲ. ಅವರ ಮುಂದೆ ಎರಡು ದಾರಿ ಇದ್ದವು.

ಮೊದಲನೆಯದು ರೆಟ್ಟಮಲೈ ಶ್ರೀನಿವಾಸನ್ ಅವರ ದಾರಿ. ಅವರು 1893ರಲ್ಲಿ ತಮ್ಮ ಪತ್ರಿಕೆಗೆ ‘ಪರೈಯನ್’ ಎಂದೇ ಹೆಸರಿಟ್ಟರು. ಯಾವ ಹೆಸರು ಹೇಳಿ ಅವಮಾನ ಮಾಡುತ್ತೀರೋ ಅದನ್ನೇ ತಲೆಬರಹದಲ್ಲಿ ದಪ್ಪಕ್ಷರದಲ್ಲಿ ಹಾಕುತ್ತೇನೆ ಎನ್ನುವ ಧೈರ್ಯ ಅದು. ಮುಂದೆ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಬಾಬಾಸಾಹೇಬರ ಜೊತೆ ಕೂತವರು ಇವರೇ.

ಎರಡನೆಯದು ಪಂಡಿತ್ ಅಯೋತಿ ದಾಸರ (1845–1914) ದಾರಿ. ಅವರು ಆ ಹೆಸರನ್ನು ಒಪ್ಪಲಿಲ್ಲ. ನಾವು ಈ ನೆಲದ ಮೂಲ ಬೌದ್ಧರು, ಧಮ್ಮ ಬಿಡದ ಕಾರಣಕ್ಕೆ ನಮ್ಮನ್ನು ಕೀಳು ಮಾಡಿದರು, ಆ ಹೆಸರು ವೈರಿಗಳು ಅಂಟಿಸಿದ್ದು ಎನ್ನುವುದು ಅವರ ವಾದ. 1898ರಲ್ಲಿ ಶ್ರೀಲಂಕಾಕ್ಕೆ ಹೋಗಿ ಪಂಚಶೀಲ ಸ್ವೀಕರಿಸಿ, ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ‘ಒರು ಪೈಸಾ ತಮಿಳನ್’ ಪತ್ರಿಕೆ ಶುರು ಮಾಡಿದರು.

ನಮಗೆ ಮುಖ್ಯವಾದ ಸಂಗತಿ ಇಲ್ಲಿದೆ. ಆ ಸಂಘದ ಶಾಖೆಗಳು ಬೆಂಗಳೂರಿನಲ್ಲೂ, ಕೋಲಾರ ಚಿನ್ನದ ಗಣಿಯ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ಗಳಲ್ಲೂ ಇದ್ದವು. ಹಗಲು ಸಾವಿರಾರು ಅಡಿ ಆಳದಲ್ಲಿ ಬಂಡೆ ಕೊರೆದ ಕಾರ್ಮಿಕರು ಮೇಲೆ ಬಂದು ಬುದ್ಧನ ಮಾತು ಓದುತ್ತಿದ್ದರು. 1956ರ ನಾಗಪುರದ ದೀಕ್ಷೆಗೆ ಸುಮಾರು ಅರ್ಧ ಶತಮಾನ ಮೊದಲೇ ಈಗಿನ ಕರ್ನಾಟಕದ ಮಣ್ಣಿನಲ್ಲಿ ‘ಬುದ್ಧಂ ಸರಣಂ ಗಚ್ಛಾಮಿ’ ಕೇಳಿಸಿತ್ತು. ಅದೇ ಬಳಗದ ಪ್ರೊ. ಲಕ್ಷ್ಮೀ ನರಸು ಅವರು 1907ರಲ್ಲಿ ಬರೆದ ಬೌದ್ಧ ಧಮ್ಮದ ಸಾರದ ಪುಸ್ತಕವನ್ನು 1948ರಲ್ಲಿ ಬಾಬಾಸಾಹೇಬರು ಮುನ್ನುಡಿ ಬರೆದು ಮತ್ತೆ ಹೊರತಂದರು.

ಇನ್ನು ಸರ್ಕಾರಿ ಹೆಸರುಗಳು. 1922ರಲ್ಲಿ ಮದ್ರಾಸ್ ಶಾಸನಸಭೆಯಲ್ಲಿ ಎಂ.ಸಿ. ರಾಜಾ ಅವರು ಪರೈಯ, ಪಂಚಮ ಎಂಬ ಹೆಸರುಗಳನ್ನು ಬಿಟ್ಟು ಆದಿ ದ್ರಾವಿಡ ಎಂದು ಬಳಸಬೇಕೆಂದು ನಿರ್ಣಯ ತಂದರು. ನಮ್ಮ ಮೈಸೂರು ಸೀಮೆಯಲ್ಲಿ ಆದಿ ಕರ್ನಾಟಕ ಎಂಬ ಹೆಸರು ಬಂತು. ನಮ್ಮಲ್ಲಿ ಎಷ್ಟೋ ಜನರ ಟಿ.ಸಿ.ಯಲ್ಲಿ ಇರುವ ‘ಎ.ಕೆ.’ ಅದೇ.

ಹೆಸರಲ್ಲಿ ಏನಿದೆ ಎಂದು ಕೇಳುವವರಿಗೆ ಬಾಬಾಸಾಹೇಬರು ‘ಹಿಂದೂಗಳಿಂದ ದೂರ’ ಎಂಬ ಅರ್ಥದ ಶೀರ್ಷಿಕೆಯ ಬರಹದಲ್ಲಿ ಉತ್ತರ ಕೊಟ್ಟಿದ್ದಾರೆ. ಹೆಸರಲ್ಲಿ ಬಹಳ ಇದೆ ಎನ್ನುವುದು ಅವರ ನಿಲುವು. ಅಸ್ಪೃಶ್ಯ ಎಂಬ ಹೆಸರಿಗೇ ದುರ್ನಾತ ಅಂಟಿದೆ. ಅದೇ ಧರ್ಮದ ಒಳಗಿದ್ದುಕೊಂಡು ಹೆಸರು ಬದಲಿಸಿದರೆ ಪ್ರಯೋಜನವಿಲ್ಲ, ನಾಲ್ಕು ದಿನದಲ್ಲಿ ಹೊಸ ಹೆಸರಿಗೂ ಹಳೇ ನಾತ ಬರುತ್ತದೆ. ಆ ಏಣಿಯನ್ನೇ ಬಿಟ್ಟು ಇಳಿದಾಗ ಮಾತ್ರ ಹೊಸ ಹೆಸರು ನಿಜವಾಗಿ ಹೊಸದಾಗುತ್ತದೆ. ‘ಬೌದ್ಧ’ ಎಂದು ನಾವು ಬರೆಸುವುದರ ಹಿಂದಿನ ತಿಳಿವಳಿಕೆ ಇದು.

*7. ಬುದ್ಧನಿಗೂ ಅಂದಿದ್ದರು*

ಸುತ್ತ ನಿಪಾತದಲ್ಲಿ ‘ವಸಲ ಸುತ್ತ’ ಇದೆ. ವಸಲ ಎಂದರೆ ಪಾಲಿಯಲ್ಲಿ ಕೀಳು, ಹೊರಗಿನವನು ಎಂಬ ಬೈಗುಳ. ಆ ಕಾಲದ ‘ಪರೈಯಾ’ ಅದೇ.

ಭಗವಾನರು ಸಾವತ್ಥಿಯಲ್ಲಿ ಒಂದು ಬೆಳಿಗ್ಗೆ ಭಿಕ್ಷೆಗೆ ಹೊರಟಿದ್ದರು. ಅಗ್ಗಿಕ ಭಾರದ್ವಾಜನ ಮನೆಯಲ್ಲಿ ಹೋಮದ ಬೆಂಕಿ ಉರಿಯುತ್ತಿತ್ತು. ದೂರದಿಂದ ಬುದ್ಧರನ್ನು ಕಂಡ ಅವನು, ಬೋಳುತಲೆಯವನೆಂದು ಹೀಯಾಳಿಸಿ, ವಸಲನೆಂದು ಬೈದು, ಅಲ್ಲೇ ನಿಲ್ಲು ಎಂದ. ಹೌದು ಬಂಧುಗಳೇ, ನಮ್ಮ ಅಜ್ಜಂದಿರು ಅಂಗಳದಾಚೆ ಕೇಳಿದ ‘ಅಲ್ಲೇ ನಿಲ್ಲು’ ಎನ್ನುವ ಮಾತನ್ನು ತಥಾಗತರೂ ಕೇಳಿದ್ದಾರೆ.

ಅವರು ತಿರುಗಿ ಬೈಯಲಿಲ್ಲ, ತಲೆ ತಗ್ಗಿಸಿಯೂ ಹೋಗಲಿಲ್ಲ. ಒಂದು ಪ್ರಶ್ನೆ ಕೇಳಿದರು: ವಸಲ ಎಂದರೆ ಯಾರು, ಯಾವುದರಿಂದ ಒಬ್ಬನು ವಸಲನಾಗುತ್ತಾನೆ, ನಿನಗೆ ಗೊತ್ತೆ? ಅವನಿಗೆ ಗೊತ್ತಿರಲಿಲ್ಲ. ನೀವೇ ಹೇಳಿ ಎಂದ. ಆಗ ಅವರು ಒಂದೊಂದಾಗಿ ಹೇಳಿದರು. ಕೋಪ, ಹಗೆ ಇಟ್ಟುಕೊಂಡವನು. ಜೀವಿಗಳಿಗೆ ದಯೆ ತೋರದವನು. ಸಾಲ ತಂದು ನಾನು ಕೊಡಬೇಕಾದ್ದೇ ಇಲ್ಲ ಎನ್ನುವವನು. ದುಡ್ಡಿಗಾಗಿ ಸುಳ್ಳು ಸಾಕ್ಷಿ ಹೇಳುವವನು. ಅನುಕೂಲವಿದ್ದೂ ಮುದಿ ತಂದೆತಾಯಿಯನ್ನು ನೋಡಿಕೊಳ್ಳದವನು. ತನ್ನನ್ನು ಹೊಗಳಿಕೊಂಡು ಬೇರೆಯವರನ್ನು ಹಳಿಯುವವನು. ಹುಟ್ಟಿನಿಂದ ಯಾರೂ ವಸಲನಲ್ಲ, ನಡತೆಯಿಂದ ಆಗುತ್ತಾನೆ ಎಂದರು. ಚಂಡಾಲರಲ್ಲಿ ಹುಟ್ಟಿ ಎಲ್ಲರ ಗೌರವ ಪಡೆದ ಮಾತಂಗನ ಉದಾಹರಣೆ ಕೊಟ್ಟರು. ಕೊನೆಗೆ ಭಾರದ್ವಾಜ ಉಪಾಸಕನಾದ.

ಈ ಸುತ್ತ ನಮಗೆ ಕಲಿಸುವ ಮೊದಲ ಹೆಜ್ಜೆ ಏನು? ಬೈಗುಳ ಬಂದಾಗ ‘ಆ ಪದದ ಅರ್ಥ ಏನು?’ ಎಂದು ಕೇಳುವುದು. ನನ್ನ ತರಗತಿಯ ಹುಡುಗಿ ಮಾಡಿದ್ದು ಅದನ್ನೇ. ಧಮ್ಮ ಪಾಠ ಮಾಡಿದವಳು ಅವಳು, ಅರ್ಥವಾಗದೆ ಕೂರಿಸಿದವನು ನಾನು.

ಒಂದು ಸೂಕ್ಷ್ಮ ಗಮನಿಸಿ. ವಸಲ ಒಂದು ಬೈಗುಳ, ಆದ್ದರಿಂದ ಅದನ್ನು ಹುಟ್ಟಿನಿಂದ ಕಿತ್ತು ನಡತೆಗೆ ಕಟ್ಟಬಹುದು. ಪರೈಯ, ಹೊಲೆಯ, ಮಾದಿಗ ಇವು ಜನಗಳ ಹೆಸರು. ಕೆಟ್ಟ ಕೆಲಸ ಮಾಡಿದವನೇ ನಿಜವಾದ ‘ಇಂಥವನು’ ಎಂದು ಈ ಹೆಸರುಗಳನ್ನು ಬಳಸಿದರೆ, ಒಳ್ಳೇ ಉದ್ದೇಶದಿಂದಲೇ ಆದರೂ, ಒಂದು ಜನದ ಹೆಸರು ಕೆಟ್ಟತನದ ಹೆಸರಾಗಿಯೇ ಉಳಿಯುತ್ತದೆ. ಆ ಕಾರಣಕ್ಕೆ ಜನರ ಹೆಸರನ್ನು ಬೈಗುಳದಿಂದ ಪೂರ್ತಿ ಬಿಡಿಸುವುದೇ ಸರಿ.

*8. ವಾದ್ಯದ ಮಾತು*

ವಾದ್ಯಕ್ಕೆ ಆಗಬೇಕಾದ ನ್ಯಾಯವೂ ಇದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪ ಅವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂತು. ಇಂಗ್ಲಿಷ್ ನಿಘಂಟಿನಲ್ಲಿ ವಾದ್ಯದವನ ಹೆಸರು ‘ದೂರ ಇಟ್ಟವನು’. ದೆಹಲಿಯ ರಾಷ್ಟ್ರಪತಿ ಭವನದಲ್ಲಿ ವಾದ್ಯದವನು ಗೌರವದ ಅತಿಥಿ.

ಹಾಗೆಂದು ಎಲ್ಲರೂ ತಮಟೆ ಹಿಡಿಯಬೇಕು ಎಂದಲ್ಲ. ಹಳ್ಳಿಗಳಲ್ಲಿ ಸಾವಿಗೆ, ಜಾತ್ರೆಗೆ ಬಲವಂತದಿಂದ ಬಾರಿಸಿದ ಬಿಟ್ಟಿ ಚಾಕರಿಯ ನೆನಪು ಕೆಲವರಿಗೆ ಇನ್ನೂ ಹಸಿ. ಅವರು ನಮ್ಮ ಮಕ್ಕಳಿಗೆ ಅದು ಬೇಡ ಎಂದರೆ ಅದು ಸ್ವಾಭಿಮಾನ. ಚಳವಳಿಯ ಮೆರವಣಿಗೆಯಲ್ಲಿ, ಭೀಮ ಜಯಂತಿಯಲ್ಲಿ ಹೆಮ್ಮೆಯಿಂದ ಬಾರಿಸಿದರೆ ಅದೂ ಸ್ವಾಭಿಮಾನ. ಶ್ರೀನಿವಾಸನ್ ದಾರಿ, ಅಯೋತಿ ದಾಸರ ದಾರಿ ಎರಡೂ ನಮ್ಮವೇ. ಆಯ್ಕೆ ನಮ್ಮ ಕೈಯಲ್ಲಿ ಇರಬೇಕು, ಅಷ್ಟೇ.

*9. ನಮ್ಮ ಬಾಯಿಯನ್ನೂ ನೋಡಿಕೊಳ್ಳೋಣ*

ಅಷ್ಟಾಂಗ ಮಾರ್ಗದ ಸಮ್ಮಾ ವಾಚಾ, ಸರಿಯಾದ ಮಾತು, ನಾಲ್ಕನ್ನು ಬಿಡಲು ಹೇಳುತ್ತದೆ: ಸುಳ್ಳು, ಚಾಡಿ, ಒರಟು ಮಾತು, ಹುರುಳಿಲ್ಲದ ಹರಟೆ. ಜಾತಿ ಹೆಸರಿನ ಬೈಗುಳದಲ್ಲಿ ಸುಳ್ಳೂ ಇದೆ, ಒರಟುತನವೂ ಇದೆ.

ಬೇರೆಯವರನ್ನು ಮಾತ್ರ ತಿದ್ದುವುದಲ್ಲ. ನಮ್ಮ ಮನೆಗಳಲ್ಲೇ ಜಿಪುಣನಿಗೆ ಒಂದು ಜಾತಿ ಹೆಸರು, ಕೊಳಕಿಗೆ ಒಂದು, ಒರಟುತನಕ್ಕೆ ಒಂದು ಬಳಸುವುದಿಲ್ಲವೇ? ಪರಿಶಿಷ್ಟರಲ್ಲೇ ಎಡ-ಬಲ ಎಂದು ಒಬ್ಬರನ್ನೊಬ್ಬರು ಹಂಗಿಸುವುದಿಲ್ಲವೇ? ಅಲೆಮಾರಿ ಸಮುದಾಯಗಳ ಹೆಸರನ್ನು ಮಕ್ಕಳನ್ನು ಗದರಲು ಬಳಸುವುದಿಲ್ಲವೇ? ಅವೆಲ್ಲ ನಮ್ಮ ಮನೆಯ ‘ಪರೈಯಾ’ಗಳು.

*10. ಮತ್ತೆ ತರಗತಿಗೆ*

ಮುಂದಿನ ವಾರ ಮೇಡಂ ಅವರ ಒಪ್ಪಿಗೆ ಪಡೆದು ಅದೇ ತರಗತಿಗೆ ಹೋದೆ. ಅವಳೊಬ್ಬಳನ್ನೇ ಎಬ್ಬಿಸಿ ನಿಲ್ಲಿಸಲಿಲ್ಲ. “ಹೋದ ವಾರ ಒಂದು ಒಳ್ಳೇ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ, ತಪ್ಪು ನನ್ನದು” ಎಂದು ಶುರು ಮಾಡಿದೆ. ಪಱೆ–ಹರೆ ಬರೆದೆ, ಪದ ಹಡಗು ಹತ್ತಿದ ಕಥೆ ಹೇಳಿದೆ, ಹದ್ದು-ಗರುಡದ ಕಥೆ ಹೇಳಿದೆ. ಅಲ್ಲಿ ಮಕ್ಕಳು ನಕ್ಕರು. ಈ ಸಲದ ನಗು ಬೇರೆ. ‘ಆ ಪದದ ಬದಲು ಔಟ್‌ಕಾಸ್ಟ್ ಎಂದು ಬರೆಯಿರಿ, ಅದರಲ್ಲಿ ಯಾವ ಸಮುದಾಯದ ಹೆಸರೂ ಇಲ್ಲ’ ಎಂದೆ.

ಗಂಟೆ ಹೊಡೆದ ಮೇಲೆ ಅವಳು ಬೋರ್ಡಿನ ಹತ್ತಿರ ಬಂದಳು. “ಸಾರ್, ಹಂಗಾದ್ರೆ ಅರ್ಥ ಬರೆಯೋ ಕಡೆ ಮೊದ್ಲು ‘ತಮಟೆ ಬಾರಿಸೋರು’ ಅಂತ ಬರೀಬೇಕಿತ್ತು, ಅಲ್ವಾ?”

“ಹೌದಮ್ಮ, ಹಾಗೇ ಬರೀಬೇಕಿತ್ತು” ಎಂದೆ.

*ಇಂದಿನ ಸಂಕಲ್ಪ*
🔹 ಯಾವ ಜನದ ಹೆಸರನ್ನೂ ಇವತ್ತು ಬೈಗುಳವಾಗಿ, ತಮಾಷೆಯಾಗಿ ಬಳಸುವುದಿಲ್ಲ.
🔹 ಯಾರಾದರೂ ಬಳಸಿದರೆ ಜಗಳಕ್ಕಿಳಿಯದೆ, ಸುಮ್ಮನೂ ಇರದೆ, ‘ಆ ಪದದ ಅರ್ಥ ಗೊತ್ತೆ?’ ಎಂದು ಕೇಳುತ್ತೇನೆ.
🔹 ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ‘ನಾಳೆ ತಿಳಿದು ಹೇಳ್ತೀನಿ’ ಎನ್ನುತ್ತೇನೆ, ‘ಕೂತ್ಕೊ’ ಎನ್ನುವುದಿಲ್ಲ.

*ಭಾನುವಾರದ ಚರ್ಚೆಗೆ:* ಅವಮಾನದ ಹೆಸರನ್ನು ಹೆಮ್ಮೆಯಿಂದ ಹೊರುವುದು ಸರಿಯೇ, ಬಿಟ್ಟು ಹೊಸ ಹೆಸರು ಪಡೆಯುವುದು ಸರಿಯೇ? ನಿಮ್ಮ ಮನೆಯ ಹಿರಿಯರ ಅನುಭವ ಕೇಳಿಕೊಂಡು ಬನ್ನಿ.

ಭವತು ಸಬ್ಬ ಮಂಗಲಂ.
ಸಾಧು! ಸಾಧು! ಸಾಧು!
ಜೈ ಭೀಮ್ 🙏